ಬಾಗಿನದ ಸೀಬೆಹಣ್ಣು

ಪುಣಜನೂರಿನ ನನ್ನ ಅಣ್ಣನಿಗೆ,

ಕ್ಷೇಮವೇ ಎಂದು ನಿನ್ನನ್ನು ಕೇಳುವ ಹಾಗಿಲ್ಲ. ನನಗಂತೂ ಮೈಯೆಲ್ಲ ಉರಿಯುತ್ತಿದೆ. ಸತ್ತವನು ಎದ್ದು ಬಂದು ಉತ್ತರ ಕೊಡುವುದಿಲ್ಲವೆಂದು ಈ ಉಮ್ಮತ್ತೂರಿನ ಜನಕ್ಕೆ ಎಷ್ಟು ಧೈರ್ಯ ನೋಡು.

ನೀನು ಕೊನೆಯ ಸಲ ಗೌರಿ ಬಾಗಿನ ತಂದದ್ದು ನೆನಪಿದೆಯಾ? ಬಳೆ, ರವಿಕೆ ಕಣ, ಜೊತೆಗೆ ಚೀಲದ ತುಂಬಾ ನಿನ್ನ ಹಿತ್ತಲಿನ ಸೀಬೆಹಣ್ಣು, ಎಲೆ ಸಮೇತ. ತೊಟ್ಟಿನ ಹತ್ತಿರ ಹತ್ತಿಯಂತೆ ಏನೋ ಬೆಳ್ಳಗೆ ಅಂಟಿತ್ತು. "ಬೂಷ್ಟು ಕಣಮ್ಮಿ, ತಕ್ಕ" ಎಂದು ಟವೆಲಿನಲ್ಲಿ ಒರೆಸಿ ಕೊಟ್ಟೆ. ಬಾಗಿನದ್ದನ್ನು ತುಳಿಯಬಾರದಲ್ಲ, ಉಳಿದ ಎಲೆಯನ್ನೆಲ್ಲ ಊರಿನ ಹೆಂಗಸರೆಲ್ಲ ಮಾಡುವಂತೆ ಗಿಡದ ಬುಡಕ್ಕೆ ಹಾಕಿದೆ. ನಮ್ಮ ಪರಂಗಿ ಗಿಡದ ಬುಡಕ್ಕೆ.

ಯುಗಾದಿಗೆ ಮೊದಲೇ ಎದೆನೋವೆಂದು ನೀನು ಹೋಗಿಬಿಟ್ಟೆ. ಆ ಬೇಸಿಗೆಯಲ್ಲಿ ಪರಂಗಿ ತೋಟ ಹಿಟ್ಟು ಮೆತ್ತಿದಂತೆ ಬೆಳ್ಳಗಾಯಿತು, ಎಲೆ ಮುರುಟಿತು. ಪಕ್ಕದ ಭಾವನ ಹಿಪ್ಪುನೇರಳೆಗೂ ಹತ್ತಿತು. ನನ್ನ ಗಂಡನ ಒಡಹುಟ್ಟಿದ ಅಣ್ಣನಾಗಿ ಅವರು ಬಾವಿಯ ಹತ್ತಿರ ಎಲ್ಲರ ಮುಂದೆ ಏನೆಂದರು ಗೊತ್ತಾ? "ಇವ್ಳಣ್ಣ ಬಾಗಿನ್ದಲ್ಲಿ ರೋಗ ತಂದ್ ಮಡಗ್ಬುಟ್ಟು ಓದ ಕಣ್ರಲಾ." ಅಲ್ಲ, ಸತ್ಯಮಂಗಲದ ರಸ್ತೆಯಲ್ಲಿ ಹಣ್ಣಿನ ಲಾರಿಗಳು ಓಡಾಡಲಿಲ್ಲವೇ? ಕುದೇರಿನ ತೋಟಗಳಿಗೂ ಬಂತಲ್ಲ, ಅಲ್ಲಿಗೆ ಯಾರ ಅಣ್ಣ ಬಾಗಿನ ಹೊತ್ತಿದ್ದ? ನಿನ್ನ ಹಣ್ಣಿನಲ್ಲೇ ಬಂತೆಂದು ಇಟ್ಟುಕೊಂಡರೂ, ತಂಗಿಗೆಂದು ಪ್ರೀತಿಯಿಂದ ತಂದವನಿಗೆ ಇಂಥ ಮಾತೇ?

ಭಾವ ಸಿಕ್ಕಸಿಕ್ಕ ಔಷಧಿ ಹೊಡೆದರು. ಎಲೆಗೆ ಹತ್ತಿದ್ದ ಹುಳು ತನ್ನ ಹಿಟ್ಟಿನ ಹೊದಿಕೆಯೊಳಗೆ ಹಾಯಾಗಿತ್ತು. ಔಷಧಿ ಬಿದ್ದ ಹಿಪ್ಪುನೇರಳೆ ಸೊಪ್ಪು ತಿಂದು ಅವರ ರೇಷ್ಮೆಹುಳು ಸತ್ತವು. ಅದೂ ನಿನ್ನ ತಲೆಗೇ ಬಂತು.

ಆಮೇಲೆ ತೋಟಗಾರಿಕೆಯವರು ಬಂದು, ಇದು ಹೊರದೇಶದಿಂದ ಬಂದ ಹಿಟ್ಟು ತಿಗಣೆ ಎಂದರು. ಅದರ ಮೈಯೊಳಗೇ ಮೊಟ್ಟೆಯಿಟ್ಟು ಕೊಲ್ಲುವ, ಸೊಳ್ಳೆಗಿಂತ ಸಣ್ಣ ಕಣಜಗಳನ್ನು ತೋಟಕ್ಕೆ ಬಿಟ್ಟು, ಇನ್ನು ಔಷಧಿ ಹೊಡೆದರೆ ಇವೇ ಸಾಯುತ್ತವೆ ಎಂದು ಹೇಳಿಹೋದರು. ಮರುದಿನವೇ ಭಾವ ಬೆನ್ನಿಗೆ ಪಂಪು ಕಟ್ಟಿಕೊಂಡು ಬಂದರು. ನಾನು ಬದುವಿನ ಮೇಲೆ ಅಡ್ಡ ನಿಂತೆ. "ವಡಿಯದಾದ್ರೆ ಮೊದ್ಲು ನನ್ ಮೇಲ್ ವಡೀರಿ ಬಾವ" ಎಂದೆ. ಅವರೆದುರು ದನಿಯೆತ್ತಿದ್ದು ಅದೇ ಮೊದಲು. ಗೊಣಗಿಕೊಂಡೇ ವಾಪಸ್ಸು ಹೋದರು.

ಈಗ ತಿಗಣೆಗಳು ಒಣಗಿ ಸಿಪ್ಪೆಯಾಗಿವೆ, ಸುಳಿಯೆಲೆ ಹಸಿರಾಗಿ ಬರುತ್ತಿದೆ. ಭಾವನ ಹಿಪ್ಪುನೇರಳೆಯೂ ಚಿಗುರಿದೆ. ಅವರು ನಿನ್ನ ಮಾತು ಮಾತ್ರ ಎತ್ತುವುದಿಲ್ಲ. ರೋಗ ಬಂದಾಗ ಅಷ್ಟುದ್ದ ಬಾಯಿ ಇತ್ತು, ಹೋದಾಗ…

ಮೊನ್ನೆ ಪುಣಜನೂರಿಗೆ ಹೋಗಿದ್ದೆ. ಊರ ಮಾತು ಅತ್ತಿಗೆಯ ಕಿವಿಗೂ ಬಿದ್ದು, ನಿನ್ನ ಸೀಬೆ ಗಿಡ ಕಡಿಸಲು ಆಳಿಗೆ ಹೇಳಿದ್ದರು. ನಾನು ಕಣಜದ ಮರಿ ಒಳಗಿರುವ ತಿಗಣೆ ಹತ್ತಿದ ಪರಂಗಿ ಎಲೆಗಳನ್ನು ಮೊರದಲ್ಲಿಟ್ಟು, ಮೇಲೊಂದು ಮೊರ ಮುಚ್ಚಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದಿದ್ದೆ. "ಬಾಗಿನ ತವರಿಂದ ಬತ್ತದೆ, ತವರ್ಗೇ ಬಂದದ್ದುಂಟಾ ಕಣಮ್ಮಿ?" ಎಂದು ಅತ್ತಿಗೆ ನಕ್ಕರು, ಆಮೇಲೆ ಅತ್ತರು. ಎಲೆಗಳನ್ನು ನಿನ್ನ ಗಿಡದ ಹಿಟ್ಟು ಹತ್ತಿದ ಕೊಂಬೆಗಳಿಗೆ ಇಬ್ಬರೂ ಸೇರಿ ಕಟ್ಟಿದೆವು.

ಗಿಡ ಕಡಿದಿಲ್ಲ ಅಣ್ಣ. ಬರುವ ಗೌರಿ ಹಬ್ಬಕ್ಕೆ ಅದರ ಹಣ್ಣನ್ನು ನಾನೇ ಉಮ್ಮತ್ತೂರಿಗೆ ತರುತ್ತೇನೆ. ಮೊದಲ ಹಣ್ಣು ಭಾವನ ಕೈಗೆ, ಅದೇ ಬಾವಿಯ ಹತ್ತಿರ, ಎಲ್ಲರ ಮುಂದೆ. ತಿನ್ನದೆ ಎಲ್ಲಿಗೆ ಹೋಗುತ್ತಾರೆ?

ನಿನ್ನ ತಂಗಿ
ಮಂಗಳಮ್ಮ