ಬೇವಿನ ನೆರಳಲ್ಲಿ ಕೂತಿದ್ದ ಶರಣಮ್ಮಜ್ಜಿಗೆ

ಕಲಬುರಗಿ, ವೈಶಾಖದ ಮೂವತ್ತೆಂಟನೆಯ ದಿನ, ೨೨೬೪

ಶರಣಮ್ಮಜ್ಜಿಯವರಿಗೆ ನಿಮ್ಮ ಮರಿಮೊಮ್ಮಗಳ ಮರಿಮೊಮ್ಮಗಳು ನಿಂಬೆಕ್ಕ ಮಾಡುವ ನಮಸ್ಕಾರ. ವೈಶಾಖಕ್ಕೆ ಮೂವತ್ತೆಂಟು ದಿನ ಎಲ್ಲಿಂದ ಬಂದವು ಎನ್ನಬೇಡಿ. ಬಿಸಿಲು ಮುಗಿಯುವವರೆಗೂ ನಮ್ಮಲ್ಲಿ ವೈಶಾಖವೇ. ನನ್ನ ಕೆಲವು ಮಾತು ನಿಮಗೆ ಒಗಟಾದರೆ ಕ್ಷಮಿಸಿ.

ನೀವು ಕಾಲೇಜಿನಲ್ಲಿ ಬಾಟಲಿಯೊಳಗೆ ಮಾಡಿದ್ದನ್ನು ನಾವು ಮನೆಮನೆಯ ಮಾಳಿಗೆಯ ಮೇಲೆ ಮಾಡುತ್ತೇವೆ. ಅದಕ್ಕೆ ಕಿರಣತೊಟ್ಟಿ ಎಂದು ಹೆಸರು: ಗಾಜು ಮುಚ್ಚಿದ ತೊಟ್ಟಿ, ಅದರ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನ, ಪ್ಲಾಟಿನಂ ಕಣಗಳು. ನೀರು ದಾಳಿಂಬೆ ರಸದಂತೆ ಕೆಂಪಗಿರುತ್ತದೆ. ಬೆಳಕು ಬಿದ್ದರೆ ಕಣಗಳು ನೀರನ್ನು ಒಡೆಯುತ್ತವೆ, ಜಲಜನಕ ಗುಳ್ಳೆಯಾಗಿ ಏಳುತ್ತದೆ. ರೊಟ್ಟಿ ಬೇಯುವುದು, ಬಸ್ಸು ಓಡುವುದು ಎಲ್ಲ ಅದರಿಂದಲೇ. ಹೊಗೆ ಎಂದರೇನೆಂದು ನನ್ನ ಮಗಳಿಗೆ ಗೊತ್ತಿಲ್ಲ. ಇಷ್ಟಕ್ಕೆ ನಿಮಗೆ ಕೈಮುಗಿಯಬೇಕು, ಮುಗಿಯುತ್ತೇನೆ. ಆದರೆ ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ನಮ್ಮ ಮನೆಯಲ್ಲಿ ನಿಮ್ಮದೊಂದು ಫೋಟೊ ಇದೆ. ಬಾಟಲಿ ಅಂಗಳದ ಬಿಸಿಲಿನಲ್ಲಿದೆ. ನೀವು ಬೇವಿನ ಕೆಳಗೆ ಕಾಲು ಚಾಚಿ ಕೂತು, ಬುತ್ತಿ ಉಣ್ಣುತ್ತ, ಗುಳ್ಳೆ ಏಳುವುದನ್ನು ನೋಡುತ್ತಿದ್ದೀರಿ. ಆ ನೆರಳಿಗೆ ಯಾರೂ ನಿಮ್ಮ ಮೇಲೆ ದೂರು ಕೊಟ್ಟಿರಲಿಕ್ಕಿಲ್ಲ. ನನಗಿಂತ ಚಿಕ್ಕ ವಯಸ್ಸು, ಮುಖದಲ್ಲಿ ಒಂದು ಹನಿ ಬೆವರಿಲ್ಲ. ಆ ಫೋಟೊವನ್ನು ಎಷ್ಟೋ ಸಲ ಗೋಡೆಯ ಕಡೆ ತಿರುಗಿಸಿ ಇಟ್ಟಿದ್ದೇನೆ.

ಮೊದಲ ತೊಟ್ಟಿ ಕಟ್ಟಿದವರಿಗೆ ನೀವು ಕೊಟ್ಟ ಸೂಚನೆ "ನೆರಳು ಬೀಳಬಾರದು" ಎಂದೇ ಶುರುವಾಗುತ್ತದೆ. ನೀವು ತೊಟ್ಟಿಗೆ ಹೇಳಿದ್ದನ್ನು ನಮ್ಮವರು ಊರಿಗೇ ಹೇಳಿದ್ದೆಂದುಕೊಂಡರು. ಮರಗಳು ಹೋದವು. ಛತ್ರಿ ಬಿಚ್ಚಿದವರನ್ನು, ಮಾಳಿಗೆಯ ಮೇಲೆ ಸೀರೆ ಒಣಹಾಕಿದವರನ್ನು ಬೆಳಕುಗಳ್ಳರು ಎನ್ನುತ್ತಾರೆ. ಓಣಿಯಲ್ಲಿ ಉಳಿದಿರುವುದು ನಮ್ಮ ಹಿತ್ತಿಲ ಬೇವೊಂದೇ. ಮಧ್ಯಾಹ್ನ ಇಳಿದ ಮೇಲೆ ಅದರ ನೆರಳು ಪಕ್ಕದ ಮನೆಯ ಗುರುಬಸಪ್ಪನವರ ತೊಟ್ಟಿಯ ಮೂಲೆಗೆ ತಾಗುತ್ತದೆ. ಅದನ್ನು ಕಡಿಯಬೇಕೆಂದು ಓಣಿಯ ಪಂಚರು ತೀರ್ಮಾನಿಸಿದ್ದಾರೆ. ನಾಳೆ ಬೆಳಿಗ್ಗೆ ಕೊಡಲಿ ಬರುತ್ತದೆ. ಗುರುಬಸಪ್ಪನವರೇ ಎದ್ದು ನಿಂತು, "ಇರ್ಲಿ ಬಿಡ್ರಿ. ಸಂಜಿಮುಂದ ನಾನೂ ಅದರ ಬುಡಕ ಬಂದು ಕೂಡ್ತೀನಿ" ಎಂದರು. ಸೂಚನೆ ಎಂದರೆ ಸೂಚನೆ ಎಂದು ಪಂಚರು ಅವರನ್ನು ಕೂರಿಸಿದರು.

ಅಜ್ಜಿ, ಈ ಪತ್ರ ಸಿಕ್ಕಾಗ ನೀವಿನ್ನೂ ಆ ಸೂಚನೆಯನ್ನು ಬರೆದಿರದಿದ್ದರೆ ಇನ್ನೊಂದು ಸಾಲು ಸೇರಿಸಿ: ತೊಟ್ಟಿ ಬಿಸಿಲಿನಲ್ಲಿರಲಿ, ಮನುಷ್ಯರು ನೆರಳಿನಲ್ಲಿ. ನೀವು ಮಾಡಿದ್ದೂ ಅದನ್ನೇ ತಾನೆ. ಬರೆಯಲು ಮರೆತಿರಿ, ಅಷ್ಟೆ.

ಇದನ್ನು ನಮ್ಮ ಬೇವಿನ ಬುಡದಲ್ಲಿ, ನಿಮ್ಮ ಹಾಗೆಯೇ ಕಾಲು ಚಾಚಿ ಕೂತು ಬರೆದೆ. ಮಗಳು ತೊಡೆಯ ಮೇಲೆ ನಿದ್ದೆ ಹೋಗಿದ್ದಾಳೆ. ಇವತ್ತೊಂದು ಮಧ್ಯಾಹ್ನ ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ನಾಳೆಯಿಂದ ಇರುತ್ತದೆ.