ಸಾಗವಾನಿಯ ಮಣೆ

ಅಪ್ಪಾ,

ನೌಬಾದದ ನಿಮ್ಮ ಬಡಿಗತನದ ಅಂಗಡಿ ಖಾಲಿ ಮಾಡುತ್ತಿದ್ದೇವೆ. ಕೂಸು ಮಲಗಿದರೂ ನನಗೆ ನಿದ್ದೆ ಹತ್ತುವುದಿಲ್ಲ, ಕೈಗೆ ಏನಾದರೂ ಕೆಲಸ ಬೇಕು. ಮೂಲೆಯಲ್ಲಿ ಉಳಿದಿದ್ದ ಸಾಗವಾನಿ ತುಂಡುಗಳನ್ನು ಅಂಟಿನಿಂದ ಜೋಡಿಸಿ, ತಿಕ್ಕಿ, ಕಾಯಿಪಲ್ಯೆ ಹೆಚ್ಚುವ ಮಣೆ ಮಾಡಿದೆ.

ಇವತ್ತು ನಿಮ್ಮ ಜೊತೆ ಕೆಲಸ ಮಾಡುತ್ತಿದ್ದ ಕಾಶೀರಾಮ ಕಾಕಾ ಅದನ್ನು ನೋಡಿದರು.

“ಹುಚ್ಚಿ, ಉಳ್ಳಾಗಡ್ಡಿ ಕೊಯ್ಲಾಕ ಈ ಕಟ್ಟಿಗಿನೇ ಬೇಕಿತ್ತೇನ? ನಿನ್ನ ಕೂಸಿಗಿ ಹಿಡ್ಕೊಂಡು ನಡಿಯೋ ಗಾಡಿ ಮಾಡ್ಲಾಕ ನಿಮ್ಮಪ್ಪ ಕೊಯ್ದಿಟ್ಟಿದ್ದ. ಕೆಮ್ಮ ನಿಂತ ಮ್ಯಾಲ ನಾನೇ ಒಯ್ದು ಕೊಡ್ತೇನಿ ಅಂತಿದ್ದ.”

ಆ ಕೆಮ್ಮಿಗೆ ಹೆದರಿಯೇ ಕೂಸನ್ನು ನಿಮ್ಮ ಕೈಗೆ ಕೊಡದೆ, ಕಿಟಕಿಯಿಂದ ತೋರಿಸಿ ಕಳಿಸಿದ್ದೆ. ಆಮೇಲೆ ನೀವು ಬರಲಿಲ್ಲ. ಸಿಟ್ಟಾಗಿದ್ದೀರಿ ಎಂದುಕೊಂಡೆ. ನಿಮ್ಮನ್ನು ಮಣ್ಣು ಮಾಡುವಾಗಲೂ ಹಾಗೆಯೇ ಅಂದುಕೊಂಡಿದ್ದೆ.

ಕೂಸು ಕೆವಿನ ಈಗ ಗೋಡೆ ಹಿಡಿದು ನಡೆಯುತ್ತಾನೆ. ಗೋಡೆ ಮುಗಿದಲ್ಲಿ ನಿಂತು, ಹಿಡಿಯಲು ಏನೂ ಸಿಗದೆ, ನನ್ನ ಕಡೆ ತಿರುಗಿ ನೋಡುತ್ತಾನೆ.