ಅಲ್ಲಲ್ಲಿ ಬಿರುಗಾಳಿ, ಇಲ್ಲಿ ಸೆರೆವಾಸ

ಮಾನ್ಯ ಹವಾಮಾನ ಮುನ್ನೋಟದ ಅಧಿಕಾರಿಗಳೇ,

ಮೊದಲು ತಪ್ಪೊಪ್ಪಿಗೆ. ನಾನೊಬ್ಬ ಕಳ್ಳ. ಕಳೆದ ಸೋಮವಾರ ಬೆಳಗ್ಗೆ ಈ ದ್ವೀಪದ ದೋಣಿಕಟ್ಟೆಯ ಕಂಬದಿಂದ ಸರ್ಕಾರಿ ಕೆಂಪು ಬಾವುಟವನ್ನು ಇಳಿಸಿ, ಮಡಚಿ, ಅಂಗಿಯೊಳಗೆ ತುರುಕಿಕೊಂಡು ಮನೆಗೆ ನಡೆದುಬಂದೆ. ಹೊಟ್ಟೆ ಮೊದಲೇ ಮುಂದೆ ಬಂದಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವನು ಕಳ್ಳತನಕ್ಕೆ ಇಳಿದದ್ದೇಕೆ ಎಂದು ನೀವು ಕೇಳಬಹುದು. ಕಾರಣ ನೀವೇ.

ಹೋದ ವರ್ಷದವರೆಗೂ ನಿಮ್ಮ ಕಚೇರಿ ಪ್ರತಿದಿನ ಬೆಳಗ್ಗೆ ಈ ಸರೋವರದ ಅಂದಿನ ಯೋಗಕ್ಷೇಮವನ್ನು ಹೇಳುತ್ತಿತ್ತು. ಈ ವರ್ಷ ನಿಮಗೆ ಜ್ಞಾನೋದಯವಾಯಿತು. ದಿನಾ ಹೇಳುವ ರಗಳೆ ಬೇಡವೆಂದು ‘ಬೇಸಿಗೆಯ ಆರಂಭದ ಪ್ರಾದೇಶಿಕ ಮುನ್ನೋಟ’ ಎಂಬ ಒಂದೇ ಪ್ರಕಟಣೆಯಲ್ಲಿ ಇಡೀ ಋತುವನ್ನು ಸುತ್ತಿ ಕೊಟ್ಟಿರಿ. ಅದರಲ್ಲಿ ನಮ್ಮ ಪಾಲಿಗೆ ಬಂದ ಸಾಲು ಇದು: “ಸರೋವರ ಪ್ರದೇಶದಲ್ಲಿ ತಾಪಮಾನ ವಾಡಿಕೆಯಷ್ಟು ಅಥವಾ ವಾಡಿಕೆಗಿಂತ ತುಸು ಹೆಚ್ಚು, ಮಧ್ಯಾಹ್ನದ ನಂತರ ಅಲ್ಲಲ್ಲಿ ಬಿರುಗಾಳಿ ಸಂಭವ.” ವಾಡಿಕೆಯಷ್ಟು ಅಥವಾ ಹೆಚ್ಚು! ನನ್ನ ವಿದ್ಯಾರ್ಥಿಯೊಬ್ಬ ಪರೀಕ್ಷೆಯಲ್ಲಿ “ಉತ್ತರ ಇದು ಅಥವಾ ಬೇರೆ” ಎಂದು ಬರೆದರೆ ನಾನು ಅಂಕ ಕೊಡುವುದಿಲ್ಲ. ನಿಮಗೆ ಸಂಬಳ ಕೊಡುತ್ತಾರೆ. ಇನ್ನು ಈ ‘ಅಲ್ಲಲ್ಲಿ’ ಎಂಬುದು ಎಲ್ಲಿದೆ ಸ್ವಾಮಿ? ನಕಾಶೆಯಲ್ಲಿ ಹುಡುಕಿದೆ. ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಬಿರುಗಾಳಿ ಅಲ್ಲಲ್ಲಿ ಬೀಸುತ್ತದೆ. ಅದರ ಶಿಕ್ಷೆ ಮಾತ್ರ ಇಲ್ಲಿ, ನಮಗೆ.

ಹೇಗೆಂದರೆ, ಜನರನ್ನು ಆಚೆ ದಡಕ್ಕೆ ದಾಟಿಸುವ ಲಾಂಚಿನ ನಿಯಮ ಹೀಗಿದೆ: ಜಾರಿಯಲ್ಲಿರುವ ಮುನ್ನೋಟದಲ್ಲಿ ‘ಬಿರುಗಾಳಿ’ ಎಂಬ ಮಾತಿದ್ದರೆ ಕೆಂಪು ಬಾವುಟ ಏರಬೇಕು, ಕೆಂಪು ಬಾವುಟ ಇದ್ದರೆ ಲಾಂಚು ಹೊರಡಕೂಡದು. ಹಿಂದೆ ನಿಮ್ಮ ಮುನ್ನೋಟ ಸಂಜೆಗೆ ಸಾಯುತ್ತಿತ್ತು, ಬಾವುಟವೂ ಅದರೊಡನೆ ಇಳಿಯುತ್ತಿತ್ತು. ಈಗಿನದು ಮಳೆಗಾಲ ಬರುವವರೆಗೆ ದೀರ್ಘಾಯುಷಿ. ಹೀಗಾಗಿ ಲಾಂಚು ಕಟ್ಟೆಗೆ ಕಟ್ಟಿದಲ್ಲೇ ಪಾಚಿ ಕಟ್ಟುತ್ತಿದೆ. ಸರಕಿನ ದೋಣಿಗೆ ಈ ನಿಯಮವಿಲ್ಲ. ಆಚೆ ದಡದಿಂದ ಆಲೂಗಡ್ಡೆ ಬರುತ್ತದೆ, ಸೀಮೆಂಟು ಬರುತ್ತದೆ, ಖಾಲಿ ಮೂಟೆಗಳು ವಾಪಸು ಹೋಗುತ್ತವೆ. ಮನುಷ್ಯರು ಹತ್ತುವಂತಿಲ್ಲ. ಈ ಪತ್ರ ಕೂಡ ಖಾಲಿ ಮೂಟೆಗಳ ಸಹವಾಸದಲ್ಲಿಯೇ ನಿಮ್ಮ ಕಡೆ ಬರಲಿದೆ. ಬರೆದವನಿಗಿಲ್ಲದ ಭಾಗ್ಯ ಬರಹಕ್ಕಾದರೂ ಇರಲಿ.

ನಾನು ಈ ದ್ವೀಪಕ್ಕೆ ಬಂದದ್ದು ಆ ಪ್ರಕಟಣೆ ಹೊರಬೀಳುವ ಹಿಂದಿನ ದಿನ, ಒಂದು ರಾತ್ರಿಯ ಮಟ್ಟಿಗೆ. ಅತ್ತೆಯವರನ್ನು ಕರೆದುಕೊಂಡು ಮರುದಿನ ಲಾಂಚಿನಲ್ಲಿ ಹಿಂದಿರುಗುವುದಿತ್ತು. ಅತ್ತೆಗೆ ಎರಡೂ ಕಣ್ಣುಗಳಲ್ಲಿ ಪೊರೆ. ಎಡಗಣ್ಣಿನ ಆಸೆಯನ್ನು ವೈದ್ಯರು ಹೋದ ವರ್ಷವೇ ಬಿಟ್ಟಿದ್ದಾರೆ. ಬಲಗಣ್ಣಿನ ಪೊರೆ ಬಲಿತುಹೋಗಿದೆ, ಇನ್ನು ತಡಮಾಡಿದರೆ ಅದೂ ಕೈಬಿಡುತ್ತದೆ ಎಂದಿದ್ದಾರೆ. ಆ ವೈದ್ಯರಿಗೆ ಈ ತಿಂಗಳ ಕೊನೆಗೆ ವರ್ಗ. ಅವರ ಜಾಗಕ್ಕೆ ಬರುವವರು ಯಾವಾಗ ಬರುತ್ತಾರೆ ಎಂಬುದು ನಿಮ್ಮ ಮುನ್ನೋಟದಷ್ಟೇ ಸ್ಪಷ್ಟ. ನನ್ನ ಹೆಂಡತಿ ಆಚೆ ದಡದ ಆಸ್ಪತ್ರೆಗೆ ದಿನವೂ ಹೋಗಿ “ನಾಳೆ ಬರ್ತಾರೆ” ಎಂದು ಹೇಳಿ ಬರುತ್ತಿದ್ದಾಳೆ. ನಾವು ‘ನಾಳೆ’ಯ ದಾಸ್ತಾನನ್ನೆಲ್ಲ ಖರ್ಚು ಮಾಡಿ ಕೂತಿದ್ದೇವೆ.

ಜೈಲಿಗೆ ‘ಮಾವನ ಮನೆ’ ಎಂದು ಹೆಸರಿಟ್ಟವನು ಖಂಡಿತ ಅನುಭವಸ್ಥ. ನನ್ನದು ನಿಜವಾದ ಮಾವನ ಮನೆ. ಒಂದೇ ಕಿಟಕಿಯ ಕೋಣೆ. ಕಿಟಕಿಯ ತುಂಬ ನೀರು. ಬೆಳಗ್ಗೆ ಆ ನೀರು ಇಸ್ತ್ರಿ ಮಾಡಿದ ಹಾಗೆ ಬಿದ್ದಿರುತ್ತದೆ. ನೆಲ ಕಾದು ನೀರಿನ್ನೂ ತಣ್ಣಗಿರುವ ಈ ಕಾಲದಲ್ಲಿ ಗಾಳಿ ಏಳುವುದು ನಡುಹಗಲು ದಾಟಿದ ಮೇಲೆ. ಅದು ನಿಮ್ಮ ಪ್ರಕಟಣೆಯಲ್ಲೇ ಇದೆ, ‘ಮಧ್ಯಾಹ್ನದ ನಂತರ’ ಎಂದು. ಲಾಂಚಿಗೆ ಆಚೆ ದಡ ಸೇರಲು ಅರ್ಧ ಗಂಟೆ ಸಾಕು. ಹಾಗಿದ್ದರೆ ಬೆಳಗ್ಗೆ ಏಕೆ ಬಿಡಬಾರದು ಎಂದು ಲಾಂಚ್ ಚಾಲಕನನ್ನು ಕೇಳಿದೆ. ಅವನು ನನ್ನ ಭಾವಮೈದುನ. ಅದೇ ಮನೆಯಲ್ಲಿ, ಅದೇ ಕೋಣೆಯಲ್ಲಿ, ನನ್ನ ಪಕ್ಕದ ಚಾಪೆಯಲ್ಲಿ ಮಲಗಿರುತ್ತಾನೆ.

“ಬಾವುಟದಲ್ಲಿ ಬೆಳಗ್ಗೆ ಮಧ್ಯಾಹ್ನ ಅಂತ ಇರುತ್ತಾ ಭಾವ? ಕೆಂಪು ಅಂದ್ರೆ ಕೆಂಪು,” ಎಂದು ಮಗ್ಗುಲು ಬದಲಿಸಿದ.

“ಅಮ್ಮನ ಕಣ್ಣು ಕಣೋ!”

“ನನಗೂ ಹೊಟ್ಟೆ ಉರಿಯಲ್ವಾ? ಬಿಟ್ಟು ಏನಾದ್ರೂ ಆದ್ರೆ ನಿಮ್ಮ ತರ್ಕ ನನ್ನ ಲೈಸೆನ್ಸ್ ವಾಪಸ್ ತಂದ್ಕೊಡುತ್ತಾ?”

ಮಾವ ಮೂಲೆಯಿಂದ, “ಅಳಿಯಂದ್ರು ಪಾಠ ಹೇಳ್ತಾರೆ, ಅವನು ನಿದ್ದೆ ಮಾಡ್ತಾನೆ. ಕಾಲೇಜೇ ಇಲ್ಲಿಗೆ ಬಂದಂಗಾಯ್ತು,” ಎಂದರು.

ಬಾವುಟ ಮಾಯವಾದರೆ ನಿಯಮವೂ ಮಾಯವಾಗುತ್ತದೆ ಎಂದು ನನ್ನ ತರ್ಕ ಹೇಳಿತು. ಕದ್ದೆ. ಭಾವಮೈದುನ ಬೋಳು ಕಂಬ ನೋಡಿ ಬಂದವನೇ, “ಅಮ್ಮಾ, ಇನ್ನೊಂದು ಹೊಲಿದುಬಿಡು,” ಎಂದ. ಈ ದ್ವೀಪದ ಬಾವುಟಗಳನ್ನು ಮೊದಲಿಂದಲೂ ಹೊಲಿದು ಕೊಡುತ್ತಿರುವವರು ಅತ್ತೆಯೇ ಎಂಬುದು ನನಗೆ ಆಗ ತಿಳಿಯಿತು. ಕಳ್ಳನ ಕಣ್ಣೆದುರೇ ಅವರು ಬಟ್ಟೆಯ ಗಂಟು ಬಿಚ್ಚಿ, ತಡವಿ ಒಂದು ತುಂಡನ್ನು ಎಳೆದು, ಬೆರಳಿನಲ್ಲೇ ಅಳೆದು, ಮಿಷಿನ್ನಿನ ಮುಂದೆ ಕೂತರು. ತನ್ನನ್ನು ಕೂಡಿಹಾಕುವ ಬಾಗಿಲಿಗೆ ತಾನೇ ಚಿಲಕ ಕೂರಿಸುವಷ್ಟು ಶ್ರದ್ಧೆಯಿಂದ ಅಂಚು ಮಡಚಿ ಹೊಲಿದರು. ಮುಗಿಸಿ, ಎತ್ತಿ ಹಿಡಿದು, “ಹೆಂಗಿದೆ ಅಳಿಯಂದ್ರೇ? ಬಣ್ಣ ಮಾಸಿಲ್ಲ ತಾನೆ?” ಎಂದರು.

ಬಾವುಟ ನೀಲಿಯಾಗಿತ್ತು.

ಕಡುನೀಲಿ. ಮಾವ ಎದ್ದು ಹೊರಗೆ ಹೋದರು. “ಚೆನ್ನಾಗಿದೆ ಅತ್ತೆ, ಒಳ್ಳೇ ಕೆಂಪು,” ಎಂದೆ. ಜೀವಮಾನವೆಲ್ಲ ಸರಿ–ತಪ್ಪುಗಳ ವಿಂಗಡಣೆ ಕಲಿಸಿದವನು ಹೇಳಿದ ಅತ್ಯಂತ ನಿಸ್ಸಂದಿಗ್ಧ ಸುಳ್ಳು ಅದು. ಭಾವಮೈದುನ ನೀಲಿ ಬಾವುಟವನ್ನೇ ಏರಿಸಿದ. ಇನ್ನಾದರೂ ಲಾಂಚು ಬಿಡುವೆಯಾ ಎಂದರೆ, “ನೀಲಿಗೆ ನಿಯಮಾನೇ ಇಲ್ಲ ಭಾವ. ನಿಯಮ ಇಲ್ಲದ ಬಾವುಟ ಹಾರ್ತಿರುವಾಗ ಬಿಡೋದು ಹೆಂಗೆ?” ಎಂದ. ಹೇಳುವಾಗ ಅವನ ಕಣ್ಣು ಕೆಂಪಾಗಿತ್ತು. ಕೆಂಪಿಗೆ ನಿಯಮವಿದೆಯಲ್ಲ, ಅದಕ್ಕಿರಬೇಕು.

ಮಾನ್ಯರೇ, ನಿಮ್ಮ ಎಚ್ಚರಿಕೆಯ ಹಿಂದಿನ ಗುಟ್ಟು ಭಯ. ಗಾಳಿ ಬೀಸುತ್ತದೆಂಬ ಭಯವಲ್ಲ, ಬೀಸಿದರೆ ಯಾರಾದರೂ ನಿಮ್ಮನ್ನು ಕೇಳಿಯಾರೆಂಬ ಭಯ. ಇಡೀ ಋತುವಿಗೆ ‘ಸಂಭವ’ ಎಂದುಬಿಟ್ಟರೆ ನೀವು ಎಂದೂ ತಪ್ಪುವುದಿಲ್ಲ. ನೀವು ಸುರಕ್ಷಿತ, ನಾವು ರಕ್ಷಿತ, ಉಪ್ಪಿನಕಾಯಿಯ ಹಾಗೆ. ನಿಮ್ಮ ಹವೆಯ ಲೆಕ್ಕದಲ್ಲಿ ನಮ್ಮ ಮಾನ ಹೋಗುತ್ತಿದೆ. ಇಂಥ ಅಳುಕು ನನ್ನ ರಕ್ತದಲ್ಲಿಲ್ಲ. ನೀರಿಗೆ ಅಂಜುವ ಆಸಾಮಿ ನಾನಲ್ಲ. ನನ್ನ ಕೈಗೊಂದು ಹುಟ್ಟು ಕೊಡಿ, ಅತ್ತೆಯವರನ್ನು ನಾನೇ ಆಚೆ ದಡ ಮುಟ್ಟಿಸುತ್ತೇನೆ. ನಿಮ್ಮ ಕಚೇರಿಯ ಸಮಸ್ತ ಸಿಬ್ಬಂದಿ ದಡದಲ್ಲಿ ನಿಂತು ನೋಡಲಿ.

ಆದ್ದರಿಂದ ನನ್ನ ಬೇಡಿಕೆ: ಋತುವಿನ ಮುನ್ನೋಟ ನಿಮ್ಮ ಗೋಡೆಯ ಮೇಲಿರಲಿ. ಈ ಸರೋವರಕ್ಕೆಂದೇ ದಿನಕ್ಕೊಂದು ಸಾಲು ಕಳಿಸಿ; ಅದರಲ್ಲಿ ಬೆಳಗನ್ನು ಮಧ್ಯಾಹ್ನದಿಂದ ಬೇರ್ಪಡಿಸಿ. ಈ ತಿಂಗಳು ಮುಗಿಯುವುದರೊಳಗೆ ಒಂದೇ ಒಂದು ಬೆಳಗ್ಗೆ ‘ಶಾಂತ’ ಎಂದು ಬರೆಯಿರಿ. ನಿಮಗದು ಎರಡಕ್ಷರ. ಅತ್ತೆಗೆ ಉಳಿದಿರುವುದೂ ಒಂದೇ ಕಣ್ಣು.

ಪತ್ರವನ್ನು ಇಲ್ಲಿಗೇ ಮುಗಿಸುವವನಿದ್ದೆ. ಅತ್ತೆ, “ಓದಿ ಹೇಳಿ, ಕೇಳೋಣ,” ಎಂದರು. ಓದಿದೆ. ಹುಟ್ಟಿನ ಮಾತು ಬಂದಾಗ ಕೆಮ್ಮಿದರು.

“ನಿನ್ನೆ ಬೆಳಗ್ಗೆದ್ದೂ ಬರೀರಿ ಅಳಿಯಂದ್ರೇ.”

“ಅದು ಇವರಿಗೆ ಸಂಬಂಧ ಇಲ್ಲ ಅತ್ತೆ.”

“ಅವರ ತಪ್ಪು ಅಷ್ಟುದ್ದ ಬರ್ದಿದೀರಲ್ಲ. ನಮ್ದೂ ನಾಲ್ಕು ಸಾಲು ಇರ್ಲಿ.”

ಬರೆಯುತ್ತೇನೆ. ಮೀನುಗಾರರ ಚಿಕ್ಕ ದೋಣಿಗಳಿಗೆ ನಿಮ್ಮ ಬಾವುಟ ಅನ್ವಯಿಸುವುದಿಲ್ಲ. ನಿನ್ನೆ ಬೆಳಗ್ಗೆ ಒಬ್ಬ ಮೀನುಗಾರ ತಾನಾಗಿಯೇ ಮನೆ ಬಾಗಿಲಿಗೆ ಬಂದು, “ಬನ್ನಿ ಅಮ್ಮ, ದಾಟಿಸ್ತೀನಿ. ಆದ್ರೆ ಹಿಡ್ಕೊಳ್ಳೋಕೆ ಜೊತೆಗೊಬ್ರು ಬೇಕು,” ಎಂದ. ಮಾವನಿಗೆ ಮಂಡಿನೋವು, ಭಾವಮೈದುನನಿಗೆ ನಿಯಮ. ಉಳಿದವನು ನಾನು. ಅತ್ತೆ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ದೋಣಿಯಲ್ಲಿ ಕೂತು, ನನ್ನ ಕಡೆ ಕೈ ಚಾಚಿದರು. ನಾನು ಒಂದು ಕಾಲಿಟ್ಟೆ. ದೋಣಿ ಸ್ವಲ್ಪ ಅಲುಗಿತು. ಸ್ವಲ್ಪವೇ. ಕಾಲನ್ನು ಹಿಂದಕ್ಕೆ ತೆಗೆದೆ.

“ಒಂದ್ನಿಮಿಷ,” ಎಂದೆ, “ಮುನ್ನೋಟ ಏನ್ ಹೇಳುತ್ತೆ ನೋಡ್ಕೊಂಡು ಬರ್ತೀನಿ.”

ಮನೆಗೆ ಹೋದೆ. ನಿಮ್ಮ ಪ್ರಕಟಣೆಯನ್ನು ಓದಿದೆ, ಮತ್ತೆ ಓದಿದೆ. ‘ಸಂಭವ’ ಎಂಬ ಮಾತು ಅಷ್ಟು ಹಿತವಾಗಿ ನನಗೆಂದೂ ಕೇಳಿಸಿರಲಿಲ್ಲ. ಗಾಳಿ ಏಳುವವರೆಗೂ ಓದುತ್ತಲೇ ಇದ್ದೆ. ಅಲ್ಲಿಯವರೆಗೂ ಅತ್ತೆ ದೋಣಿಯಲ್ಲೇ ಕೂತಿದ್ದರಂತೆ.

ಹಾಗಾಗಿ ಆ ‘ಶಾಂತ’ ಎಂಬುದನ್ನು ದಯವಿಟ್ಟು ಸ್ವಲ್ಪ ದಪ್ಪಕ್ಷರದಲ್ಲಿ ಬರೆಯಿರಿ. ಅತ್ತೆ ನಿಮ್ಮ ಮಾತಿಗಾಗಿ ಕಾಯುತ್ತಿಲ್ಲ. ಕಾಯುತ್ತಿರುವವನು ನಾನು.

ಇಂತಿ,
ದಡದಲ್ಲೇ ಉಳಿದ
ಒಬ್ಬ ಅಳಿಯ